ಗೇಜಣ್ಣ ಎತ್ತದೆ ಬಿಟ್ಟ ಫೋನು

ಹೊಳೆಯ ನೀರಿನ ಮಟ್ಟ ಅಳೆಯುವ ಗೇಜ್ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದರಿಂದ ಊರಿಗೆಲ್ಲ ಅವನು ಗೇಜಣ್ಣ. ಕಚೇರಿ ಎಂದರೆ ಸೇತುವೆಯ ಪಕ್ಕದ ಒಂದೇ ಕೋಣೆ. ಒಂದು ಮೇಜು, ಒಂದು ಕಪ್ಪು ಫೋನು, ಮೂಲೆ ಮಡಚಿಹೋದ ರಿಜಿಸ್ಟರು. ಕಿಟಕಿಯಿಂದ ಬಗ್ಗಿದರೆ ನೀರಿನಲ್ಲಿ ನೆಟ್ಟ ಅಳತೆಪಟ್ಟಿ ಕಾಣುತ್ತಿತ್ತು.

ಹೊಳೆ ಹುಟ್ಟುವುದು ಗಡಿಯಾಚೆಯ ದೇಶದಲ್ಲಿ. ಅಲ್ಲೊಂದು ಅಣೆಕಟ್ಟು, ಅದರ ಪಕ್ಕದಲ್ಲಿ ಇಂಥದ್ದೇ ಒಂದು ಕೋಣೆ. ಎರಡು ಸರ್ಕಾರಗಳ ಒಪ್ಪಂದದಂತೆ ಅಲ್ಲಿಯವನು ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಮಟ್ಟ ಹೇಳಬೇಕು; ಗೇಟು ತೆಗೆಯುವ ಮುಂಚೆ ಮತ್ತೊಮ್ಮೆ ಹೇಳಬೇಕು. ಫೋನಿನಲ್ಲೇ ನಮ್ಮ ಭಾಷೆ ಕಲಿತಿದ್ದ ಆ ಮನುಷ್ಯ "ಚೆನ್ನಾಗಿದ್ದೀರಾ?" ಎನ್ನುವ ಬದಲು "ಚೆನ್ನಾಗಿದ್ದೀನಾ?" ಎಂದು ಕೇಳುತ್ತಿದ್ದ. "ನೀವು ಚೆನ್ನಾಗೇ ಇದ್ದೀರಿ, ಮಟ್ಟ ಹೇಳಿ" ಎಂದು ಗೇಜಣ್ಣ ನಗುತ್ತಿದ್ದ. ತಿದ್ದುವ ಮನಸ್ಸಾಗಿರಲಿಲ್ಲ.

ಆ ವರ್ಷ ಎರಡು ದೇಶಗಳ ನಡುವೆ ಮಾತು ಕೆಟ್ಟಿತ್ತು. ಪೇಪರಿನಲ್ಲಿ ದಿನಾ ಗುಡುಗು. ಗೇಜಣ್ಣನಿಗೆ ಮಾತ್ರ ಬೇರೆಯದೇ ತಲೆನೋವು. ವರ್ಷದ ವರದಿ ಕಳಿಸಲು ಮೂರು ವಾರ ತಡವಾಗಿತ್ತು, ಮೇಲಧಿಕಾರಿ ಇಂಜಿನಿಯರು ಫೋನಿನಲ್ಲಿ ಎರಡು ಸಲ ಚೆನ್ನಾಗಿ ಬೆಂಡೆತ್ತಿದ್ದರು. ಹಾಗಾಗಿ ಒಂದು ದಿನ ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಾಗ, ಇದು ಅವರೇ ಎಂದುಕೊಂಡು ಅವನು ಎತ್ತಲಿಲ್ಲ. ನಿಂತಿತು. ಮತ್ತೆ ಹೊಡೆಯಿತು. ಮೂರನೆಯ ಸಲ ಹೊಡೆದಾಗ ಕುರ್ಚಿಯಿಂದೆದ್ದು ಹೊರಗೆ ಹೋಗಿ, ಸೇತುವೆಯ ಕಟ್ಟೆಗೆ ಒರಗಿ, ಅದು ಸುಮ್ಮನಾಗುವವರೆಗೂ ನಿಂತುಬಿಟ್ಟ.

ಎರಡೂವರೆ ಗಂಟೆಗೆ ಕೆಂಪು ನೀರು ಬಂತು. ದಡದ ಇಟ್ಟಿಗೆ ಗೂಡುಗಳು ಕರಗಿಹೋದವು. ದೋಣಿಯವನು ತನ್ನ ದೋಣಿ ಬಿಚ್ಚಲು ಹೋದವನು ವಾಪಸು ಬರಲಿಲ್ಲ. ಗೇಜಣ್ಣ ಅವನ ದೋಣಿಯಲ್ಲಿ ಎಷ್ಟು ಸಲ ಹೊಳೆ ದಾಟಿದ್ದನೋ ಲೆಕ್ಕವಿಲ್ಲ.

ಸಂಜೆ ಇಂಜಿನಿಯರು ಜೀಪಿನಲ್ಲಿ ಬಂದಿಳಿದರು. "ಅಲ್ಲಿಂದ ಫೋನ್ ಬಂದಿತ್ತೇನಯ್ಯಾ?"

"ಇಲ್ಲ ಸಾರ್."

"ಸರಿಯಾಗಿ ನೆನಪು ಮಾಡ್ಕೋ."

"ಇಲ್ಲ ಸಾರ್, ಬರಲಿಲ್ಲ."

ರಿಜಿಸ್ಟರಿನಲ್ಲಿ 'ಎಚ್ಚರಿಕೆ ಕರೆ ಬಂದಿಲ್ಲ' ಎಂದು ಬರೆದು ಸಹಿ ಹಾಕಿದ.

ಮೂರನೆಯ ದಿನ ಆ ಪುಟದ ಫೋಟೋ ಎಲ್ಲ ಪೇಪರುಗಳ ಮುಖಪುಟಕ್ಕೆ ಬಂತು. ನೀರನ್ನೇ ಆಯುಧ ಮಾಡಿಕೊಂಡಿದ್ದಾರೆ, ಅಣೆಕಟ್ಟನ್ನು ವಶಪಡಿಸಿಕೊಳ್ಳಿ, ಸೇನೆ ಕಳಿಸಿ ಎಂದು ಊರೂರಲ್ಲಿ ಕೂಗೆದ್ದಿತು. ಅಲ್ಲಿಯವರು ಮೂರು ಸಲ ಕರೆ ಮಾಡಿದ್ದೆವೆಂದು ಹೇಳಿದರೆ ಕೇಳುವವರಾರು? ವರ್ತಕರ ಸಂಘದವರು ಗೇಜಣ್ಣನನ್ನು ವೇದಿಕೆಗೆ ಹತ್ತಿಸಿ ಚಪ್ಪಾಳೆ ತಟ್ಟಿದರು. ಸತ್ಯ ಬರೆದ ಕೈ ಎಂದು ಯಾರೋ ಅವನ ಕೈ ಹಿಡಿದು ಮೇಲೆತ್ತಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆದರೆ ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಅವನಿಗೊಬ್ಬಳು ಅಕ್ಕ. ಶಾಲೆಯಲ್ಲಿ ಗಣಿತದ ಟೀಚರು. ತಾಯಿ ಇಲ್ಲದ ಮನೆಯಲ್ಲಿ ಅವನಿಗೆ ತಲೆ ಬಾಚಿ ಬೆಳೆಸಿದವಳು ಅವಳೇ. ಆ ವಾರ ಅವಳು ಇನ್ನೂ ನಾಲ್ಕು ಜನರ ಜೊತೆ ಚೌಕದಲ್ಲಿ ರಟ್ಟಿನ ಹಲಗೆ ಹಿಡಿದು ನಿಂತಳು: 'ಯುದ್ಧ ಬೇಡ. ಮೊದಲು ಕೂತು ಮಾತಾಡಿ.'

ಒಂದು ಸಂಜೆ ಅವನ ಅಡುಗೆಮನೆಯಲ್ಲಿ ನಿಂತು ಕೇಳಿದಳು: "ಲೋ, ನಿಜವಾಗ್ಲೂ ಫೋನ್ ಬರಲಿಲ್ವೇನೋ?"

"ನಿನಗೂ ಅನುಮಾನನಾ ಅಕ್ಕ?"

"ಅಯ್ಯೋ, ನೀನು ಹೇಳಿದ್ಮೇಲೆ ಮುಗೀತು. ಬರಲಿಲ್ಲ ಅಂತಲೇ ಇಟ್ಕೋ. ಯಾಕಪ್ಪಾ ಬರಲಿಲ್ಲ ಅಂತ ಕೇಳ್ಬೇಕೋ ಬೇಡ್ವೋ? ತಂತಿ ಕಿತ್ಹೋಗಿತ್ತೋ, ಆ ಮನುಷ್ಯಂಗೆ ಜ್ವರ ಬಂದಿತ್ತೋ ಯಾರಿಗ್ಗೊತ್ತು? ಕೇಳೋಕೆ ಮುಂಚೆನೇ ಬಾಂಬು ಹಾಕೋ ವಿಮಾನ ಹತ್ತಿಬಿಡೋದಾ?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ನಂಬಿದ್ದು ಎದೆಗೆ ಚುಚ್ಚಿತು. ಲೋಟ ತೊಳೆಯುವ ನೆವದಲ್ಲಿ ಬೆನ್ನು ತಿರುಗಿಸಿದ.

ಎರಡು ದಿನದ ನಂತರ ಚೌಕದಲ್ಲಿ ಯಾರೋ ಅಕ್ಕನ ಮೇಲೆ ಒಂದು ಡಬ್ಬಿ ಕಪ್ಪು ಬಣ್ಣ ಸುರಿದರು. "ನಿನ್ನ ತಮ್ಮನ್ನ ನೋಡಿ ಕಲಿತ್ಕೋ" ಎಂದರಂತೆ. ಕೆಲಸ ಮುಗಿಸಿ ಬರುತ್ತಿದ್ದ ಗೇಜಣ್ಣ ಅಷ್ಟು ದೂರದಿಂದಲೇ ಅವಳನ್ನು ಕಂಡ. ಕೂದಲಿಂದ ಬಣ್ಣ ತೊಟ್ಟಿಕ್ಕುತ್ತಿದ್ದರೂ ಅವಳು ಹಲಗೆ ಕೆಳಗಿಳಿಸಿರಲಿಲ್ಲ. ಅವನು ಪಕ್ಕದ ಓಣಿಗೆ ತಿರುಗಿ, ಸುತ್ತು ಬಳಸಿ ಮನೆ ಸೇರಿದ. ಮರುದಿನ ಶಾಲೆಯವರು ಅವಳನ್ನು ಅಮಾನತಿನಲ್ಲಿಟ್ಟರು.

ಆ ವಾರದ ಕೊನೆಗೆ ಯುದ್ಧವಿಮಾನಗಳು ಗಡಿ ದಾಟಿ ಹೋದವು. ಅಣೆಕಟ್ಟಿನ ಪಕ್ಕದ ಕಚೇರಿ ಕೋಣೆಗಳು ನೆಲಸಮ ಎಂದು ಚಹಾ ಅಂಗಡಿಯ ರೇಡಿಯೋ ಹೇಳಿದಾಗ ಜನ ಶಿಳ್ಳೆ ಹಾಕಿದರು. ಗೇಜಣ್ಣ ಕುಡಿಯದ ಚಹಾ ಬೆಂಚಿನ ಮೇಲಿಟ್ಟು ಎದ್ದ. ಅಲ್ಲಿಂದ ನೇರವಾಗಿ ಇಂಜಿನಿಯರ ಕಚೇರಿಗೆ ಹೋದ.

"ಸಾರ್, ಅವತ್ತು ಫೋನ್ ಬಂದಿತ್ತು. ಮೂರು ಸಲ. ನೀವೇ ಮಾಡ್ತಿದ್ದೀರಿ ಅಂದ್ಕೊಂಡು ನಾನು ಎತ್ತಲಿಲ್ಲ."

ಇಂಜಿನಿಯರು ಎದ್ದು ಬಾಗಿಲು ಹಾಕಿದರು. "ಈಗ ಹೇಳಿ ಏನಯ್ಯಾ ಪ್ರಯೋಜನ? ನೀನೂ ಹಾಳಾಗ್ತೀಯ, ನನ್ನೂ ಹಾಳು ಮಾಡ್ತೀಯ. ಬಾಯಿ ಮುಚ್ಕೊಂಡು ಮನೆಗೆ ಹೋಗು."

ಅವನಿಗೆ ಹಗುರವಾಯಿತು. ಮನೆಗೆ ಹೋಗು ಎಂದು ಯಾರಾದರೂ ಹೇಳಲಿ ಎಂದೇ ಕಾದಿದ್ದವನಂತೆ ಹೋದ. ಮುಂದೆ ಅವನು ಉಳಿದದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದ, ಆಗ ಹಗುರವಾದದ್ದನ್ನು ಹೇಳಿಕೊಳ್ಳುವಾಗ ಮಾತ್ರ ಮುಖ ಕೈಯಲ್ಲಿ ಮುಚ್ಚಿಕೊಳ್ಳುತ್ತಿದ್ದ.

ಮತ್ತೂ ಮೂರು ದಿನ ಸುಮ್ಮನಿದ್ದ. ಅಷ್ಟರಲ್ಲಿ ಗಡಿಯ ಎರಡೂ ಕಡೆ ಹೆಣಗಳ ಎಣಿಕೆ ಶುರುವಾಗಿತ್ತು. ನಾಲ್ಕನೆಯ ದಿನ ಅಕ್ಕನ ಮನೆಗೆ ಹೋದ. ಅವಳು ಕನ್ನಡಿಯ ಮುಂದೆ ಕೂತು, ಬಣ್ಣ ಬಿಡದ ಕೂದಲನ್ನು ಕತ್ತರಿಸಿಕೊಳ್ಳುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದ. ಕತ್ತರಿ ನಿಂತಿತು.

"ನಾನು ಕೇಳಿದ್ನಲ್ಲೋ" ಎಂದಳು ಕನ್ನಡಿಯಲ್ಲೇ ಅವನನ್ನು ನೋಡುತ್ತ. "ನಿನ್ನ ಅಡುಗೆಮನೇಲೇ ನಿಂತ್ಕೊಂಡು ಕೇಳಿದ್ನಲ್ಲ."

ಆಮೇಲೆ ಕಾಗದ, ಪೆನ್ನು ತಂದು ಅವನ ಮುಂದಿಟ್ಟಳು. ಅವನು ಬರೆದ. ಫೋನು 'ಗೊತ್ತಾಗದೆ' ಎತ್ತಲಿಲ್ಲ ಎಂದು ಬರೆದ ಕಡೆ ಅವಳು ಬೆರಳಿಟ್ಟಳು. ಹೊಡೆದುಹಾಕಿ 'ಬೇಕೆಂದೇ' ಎಂದು ಬರೆದ. ಮರುದಿನ ಇಬ್ಬರೂ ಬಸ್ಸಿನಲ್ಲಿ ದೊಡ್ಡ ಪಟ್ಟಣಕ್ಕೆ ಹೋಗಿ ಅದನ್ನು ಒಂದು ಪೇಪರಿನವರ ಕೈಗೆ ಕೊಟ್ಟರು.

ಅದರಿಂದಲೇ ಯುದ್ಧ ನಿಂತಿತು ಎಂದರೆ ಸುಳ್ಳಾದೀತು. ಆದರೆ ಸರ್ಕಾರಕ್ಕೆ ಹೇಳಿಕೊಳ್ಳಲು ಇದ್ದ ಕಾರಣ ಕುಸಿಯಿತು. ಎರಡು ವಾರಕ್ಕೆ ರಾಯಭಾರಿಗಳು ಮೂರನೆಯ ದೇಶವೊಂದರಲ್ಲಿ ಎದುರುಬದುರು ಕೂತರು. ತಿಂಗಳಾದ ಮೇಲೆ ಒಪ್ಪಂದವಾಯಿತು. ಇನ್ನು ಮುಂದೆ ಒಂದರ ಬದಲು ಎರಡು ಫೋನು, ಒಂದು ಸೈರನ್ನು. ನೆಲಸಮವಾದ ಕೋಣೆಗಳಲ್ಲಿ ಆರು ಜನ ಸತ್ತಿದ್ದರು. ಅವರ ಪಟ್ಟಿ ಪೇಪರಿನಲ್ಲಿ ಬಂದ ದಿನ ಗೇಜಣ್ಣ ಓದಿದ. ಮಟ್ಟ ಹೇಳುತ್ತಿದ್ದವನ ಹೆಸರು ಎರಡನೆಯದು.

ಕೆಲಸ ಹೋಯಿತು, ಏಳು ತಿಂಗಳು ಜೈಲಾಯಿತು. ಬಿಡುಗಡೆಯಾಗಿ ಮೊದಲು ಹೋದದ್ದು ದೋಣಿಯವನ ಹೆಂಡತಿಯ ಹತ್ತಿರ. ಅವಳು ಬಾಗಿಲು ತೆಗೆಯಲಿಲ್ಲ. ಅದೊಂದೇ ಅವನಿಗೆ ಸರಿ ಅನಿಸಿದ್ದು.

ಯಾಕೆಂದರೆ ಊರಿನವರು ಅವನನ್ನು ಬಹಳ ಬೇಗ ಕ್ಷಮಿಸಿಬಿಟ್ಟರು. "ಹೋಗ್ಲಿ ಬಿಡು ಗೇಜಣ್ಣ, ಮೇಲಿನವರ ಹೆದರಿಕೆ ಯಾರಿಗಿಲ್ಲ" ಎಂದು ಬೆನ್ನು ತಟ್ಟಿದರು. ಮೊಳೆ, ಬೀಗ ಮಾರುವ ಅಂಗಡಿಯಲ್ಲಿ ಕೆಲಸ ಕೊಟ್ಟರು. ಅಕ್ಕನನ್ನು ಮಾತ್ರ ಕ್ಷಮಿಸಲಿಲ್ಲ. ಅವಳು ಬೀಗ ಕೊಳ್ಳಲು ಬಂದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು. ಶಾಲೆಯವರು ವಾಪಸು ಕರೆದದ್ದು ಎರಡು ವರ್ಷದ ಮೇಲೆ, ಅದೂ ಕೋರ್ಟು ಹೇಳಿದ್ದರಿಂದ.

ಮತ್ತೊಂದು ವರ್ಷ ಗಡಿಯಲ್ಲಿ ಮೀನುಗಾರರನ್ನು ಹಿಡಿದ ಗಲಾಟೆಯಾಗಿ ಪುನಃ ಯುದ್ಧದ ಕೂಗು ಎದ್ದಿತು. ಅಕ್ಕ ಚೌಕದಲ್ಲಿ ನಿಂತಳು, ಈ ಸಲ ಒಬ್ಬಳೇ. ಗೇಜಣ್ಣ ಅಂಗಡಿಯಿಂದಿಳಿದು ಬಂದು ಪಕ್ಕದಲ್ಲಿ ನಿಂತ. ದಾರಿಯಲ್ಲಿ ಹೋಗುತ್ತಿದ್ದ ವರ್ತಕರ ಸಂಘದ ಹಿರಿಯರೊಬ್ಬರು ಅವನ ಭುಜದ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದಲೇ ಕೇಳಿದರು: "ನೀನ್ಯಾಕಪ್ಪಾ ಈಯಮ್ಮನ ಜೊತೆ ಸೇರ್ಕೊಂಡು ಹೆಸರು ಕೆಡಿಸ್ಕೋತೀಯ?"

ಅಕ್ಕನ ಮುಖ ನೋಡಲಾಗದೆ ಗೇಜಣ್ಣ ನೆಲ ನೋಡುತ್ತ ನಿಂತ.