ಒಂದೇ ಸಾಲು ಎರಡು ಸಲ

ನಮ್ಮ ಮನೆಯಲ್ಲಿ ಯಾವ ಮಾತನ್ನೂ ಒಂದೇ ಸಲ ಹೇಳಿ ಮುಗಿಸುವ ಪದ್ಧತಿ ಇಲ್ಲ. "ಚಹಾ ಆಗ್ಯಾದ, ಬರ್ರಿ" ಎಂದು ಅಡುಗೆಮನೆಯಿಂದ ಕೂಗುತ್ತೇನೆ. ಉತ್ತರವಿಲ್ಲ. "ಚಹಾ ಆಗ್ಯಾದ, ಬರ್ರಿ" ಎಂದು ಅದನ್ನೇ ಸ್ವಲ್ಪ ಸಿಟ್ಟು ಬೆರೆಸಿ ಇನ್ನೊಮ್ಮೆ ಹೇಳುತ್ತೇನೆ. ಆಮೇಲೆ ಹೊರಗಿನ ಕೋಣೆಯಿಂದ "ಕರದೆಯೇನು?" ಎಂಬ ದನಿ ಬರುತ್ತದೆ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ಪಕ್ಕ ನಿಂತು ದುಡಿದು ನಿವೃತ್ತರಾದ ನಮ್ಮ ಯಜಮಾನರ ಕಿವಿ ಅದು. ಕಿವಿಯಲ್ಲಿ ಇಟ್ಟುಕೊಳ್ಳಲು ಕೊಟ್ಟ ಬಿರಡೆಗಳನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದ ಪುಣ್ಯಾತ್ಮರು ಇವರು. ಒಗೆಯಲು ಹಾಕಿದ ಅಂಗಿಗಳಿಂದ ಅವನ್ನು ತೆಗೆದು ತೆಗೆದು ನನಗೇ ಸಾಕಾಗಿತ್ತು.

ಇಂಥ ಕಿವಿಯವರು ಗಿಟಾರ್ ನುಡಿಸುತ್ತಾರೆ. ಅದೂ ಬ್ಲೂಸ್ ಎಂಬ ಅಮೆರಿಕದ ಸಂಗೀತವಂತೆ. ಮಾನ್ವಿಯಲ್ಲಿ ಹುಟ್ಟಿ, ಭಜನೆಯಲ್ಲಿ ತಾಳ ಹಾಕುವುದಕ್ಕೂ ಬಾರದ ಮನುಷ್ಯನಿಗೆ ಈ ಹುಚ್ಚು ಯಾಕೆ ಹಿಡಿಯಿತು ಎಂಬುದು ನನಗೆ ಬಹಳ ವರ್ಷ ಬಗೆಹರಿಯದ ಪ್ರಶ್ನೆಯಾಗಿತ್ತು. ಹಿಡಿಸಿದವರು ಯಾರು ಎಂಬುದು ಮಾತ್ರ ಗೊತ್ತಿತ್ತು. ಶಕ್ತಿನಗರದಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಫೋರ್‌ಮನ್ನರು. ಸಿಕಂದರಾಬಾದಿನ ಕಡೆಯವರು. ಅವರ ತಂದೆ ರೈಲು ಓಡಿಸುತ್ತಿದ್ದರಂತೆ, ಗಿಟಾರ್ ಕಲಿಸಿದ್ದೂ ಅವರೇ. ಶಿಫ್ಟ್ ಮುಗಿಸಿ ಬಂದ ಫೋರ್‌ಮನ್ನರು ಮೆಟ್ಟಿಲ ಮೇಲೆ ಕೂತು ಒಂದು ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರೆ, ಆ ಸ್ವರ ನಿಂತಲ್ಲಿ ನಿಲ್ಲದೆ ಬಿಕ್ಕುತ್ತಿತ್ತು. ಅದನ್ನು ಕೇಳಿದರೆ ನಾನು ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಲ್ಲುತ್ತಿದ್ದೆ. 

"ಇದು ಹತ್ತಿ ಹೊಲದಾಗ ಹುಟ್ಟಿದ್ದು, ಭಾಭಿ" ಎಂದು ಅವರು ಒಂದು ಸಂಜೆ ಹೇಳಿದರು. "ಅಮೆರಿಕಾದಾಗ ಕರಿಯ ಮಂದೀನ ಗುಲಾಮ ಮಾಡಿ ಹತ್ತಿ ಬಿಡಿಸಾಕ ಹಚ್ಚಿದ್ರು. ಅವರು ಹಾಡಿದ್ದು ಅವರ ಮಕ್ಕಳು ಮೊಮ್ಮಕ್ಕಳ ಕೈಯಾಗ ಗಿಟಾರಿಗೆ ಇಳೀತು."

"ಹತ್ತಿ ನಾವೂ ಬಿಡಿಸೀವ್ರೀ, ದೇವದುರ್ಗದಾಗ. ನಮಗ ಯಾರೂ ಗಿಟಾರ್ ಕೊಡಲಿಲ್ಲ" ಎಂದೆ.

ಅವರು ನಕ್ಕರು. ನಕ್ಕಾದ ಮೇಲೆ ಹಾಡಿನ ಕಟ್ಟನ್ನು ಬಿಡಿಸಿ ಹೇಳಿದರು. ಮೊದಲು ಒಂದು ಸಾಲು. ಆಮೇಲೆ ಮತ್ತೆ ಅದೇ ಸಾಲು. ಮೂರನೆಯದು ಬೇರೆ, ಅದು ಉತ್ತರ. ಒಂದೇ ಸಾಲು ಎರಡು ಸಲ ಯಾಕೆ ಎಂದು ಕೇಳಿದೆ. "ದುಃಖದಾಗ ಇದ್ದವರಿಗೆ ಮುಂದಿನ ಸಾಲು ಜಲ್ದಿ ಹೊಳಿಯಂಗಿಲ್ಲ. ಎರಡನೇ ಸಲ ಹಾಡೂದ್ರಾಗ ಹೊಳೀತದ" ಎಂದರು.

"ಹಂಗಾರ ನಮ್ಮ ಮನ್ಯಾಗ ದಿನಾ ಬ್ಲೂಸೇ ನಡದದ ಬಿಡ್ರಿ" ಎಂದು ನಾನು ಯಜಮಾನರ ಕಡೆ ನೋಡಿದೆ. ಅವರಿಗೆ ಅದು ಕೇಳಿಸಿರಲಿಲ್ಲ.

ನಗುತ್ತಾ ಹೇಳಿದೆನೇ ಹೊರತು ನನಗೆ ಒಳಗೆ ಬೇರೆಯದೇ ನೆನಪಾಗಿತ್ತು. ನನ್ನ ತವರು ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಊರಿನ ಹತ್ತಿರದ ಹೊಳೆದಂಡೆಯ ಹಳ್ಳಿ. ಇವರು ಮಾನ್ವಿಯಿಂದ ನನ್ನನ್ನು ನೋಡಲು ಬಂದ ದಿನ, ಹಿರಿಯರೊಬ್ಬರು "ಹುಡುಗಿ ಒಂದು ಹಾಡು ಹೇಳಲಿ" ಎಂದರು. ನಮ್ಮ ಅಕ್ಕ ಕಷ್ಟಪಟ್ಟು ಕಲಿಸಿದ್ದ ದೇವರ ಹಾಡು ಹೆದರಿಕೆಗೆ ತಲೆಯಿಂದ ಹಾರಿಹೋಯಿತು. ಬಾಯಿಗೆ ಬಂದದ್ದು ನಮ್ಮವ್ವ ಹತ್ತಿ ಬಿಡಿಸುವಾಗ ಹಾಡುತ್ತಿದ್ದ ಹಾಡು. 'ಹೊತ್ತು ಇಳದಾದ ಯವ್ವಾ, ಉಡಿ ಇನ್ನಾ ತುಂಬಿಲ್ಲ.' ಮುಂದಿನ ಸಾಲು ಬರಲೊಲ್ಲದು. ಅದನ್ನೇ ಇನ್ನೊಮ್ಮೆ ಹಾಡಿದೆ. ಆಗಲೂ ಬರಲಿಲ್ಲ, ತಲೆ ತಗ್ಗಿಸಿ ಕೂತೆ. ನಮ್ಮಪ್ಪನ ಮುಖ ಅವಲಕ್ಕಿ ತಟ್ಟೆಯಲ್ಲಿ ಹೂತು ಹೋಗಿತ್ತು. ಹುಡುಗ ಒಪ್ಪಿದ ಎಂದು ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ನಾನು. ಆ ಹಾಡು ಇರುವುದೇ ಅಷ್ಟು ಎಂದು ಅವರು ತಿಳಿದಿದ್ದಾರು ಎಂದುಕೊಂಡು ನಾನೂ ಸುಮ್ಮನಾದೆ. ಮದುವೆಯಾದ ಮೇಲೆ ಅದರ ಮಾತೇ ಬರಲಿಲ್ಲ.

ಫೋರ್‌ಮನ್ನರು ಊರಿಗೆ ಹೊರಟಾಗ ಅಷ್ಟೊತ್ತಿಗೆ ತಮ್ಮಿಂದ ನುಡಿಸಲು ಕಲಿತಿದ್ದ ಇವರ ಕೈಯಲ್ಲಿ ತಮ್ಮ ಗಿಟಾರನ್ನು ಇಟ್ಟು ಹೋದರು. ನಾವು ರಾಯಚೂರಿನಲ್ಲಿ ಮನೆ ಮಾಡಿದಾಗ, ನನ್ನ ಹಿಟ್ಟಿನ ಡಬ್ಬಿಗಳಿಗೆ ಜಾಗ ಸಿಗುವ ಮೊದಲೇ ಅದಕ್ಕೊಂದು ಮೂಲೆ ಸಿಕ್ಕಿತು. ಮಾನ್ವಿಯಲ್ಲಿ ಮೈದುನನ ಮನೆಯ ಗೃಹಪ್ರವೇಶಕ್ಕೂ ಅದನ್ನು ಹೊತ್ತು ತಂದರು. ಊಟವಾದ ಮೇಲೆ ಜಗುಲಿಯಲ್ಲಿ ಕೂತು ತಂತಿ ಎಳೆದರು ನೋಡಿ, ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಓಡಿಬಂದಳು. "ಏನಾತಕ್ಕಾ, ಯಾರದರೆ ಸುದ್ದಿ ಬಂತೇನು?"

"ಯಾರೂ ಸತ್ತಿಲ್ಲ. ನಿಮ್ಮ ಭಾವನವರು ಸಂತೋಷದಾಗ ಇದ್ದಾರ" ಎಂದೆ.

ಆದರೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ ಅಕ್ಕಿ ಗಿರಣಿಯ ಮುದುಕರೊಬ್ಬರು ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಅವರ ಹೆಂಡತಿ ತೀರಿಹೋಗಿದ್ದರು. ನಾನು ನೋಡಿದ್ದು ಕಂಡು "ಪಲ್ಯಕ್ಕ ಖಾರ ಭಾಳ ಆಗ್ಯಾದವ್ವಾ" ಎಂದರು. ಸ್ವಲ್ಪ ಹೊತ್ತಿಗೆ ಇವರ ಕಡೆ ತಿರುಗಿ, "ಆ ತಂತಿ ಅಳಸಿದೆಲ್ಲಪಾ, ಅದನ್ನ ಇನ್ನೊಮ್ಮೆ ಅಳಸು" ಎಂದರು. ಆವತ್ತಿನಿಂದ ಗಿಟಾರಿನ ವಿಷಯದಲ್ಲಿ ನಾನು ಚೇಷ್ಟೆ ಕಡಿಮೆ ಮಾಡಿದೆ. ಪೂರ್ತಿ ಬಿಡಲಿಲ್ಲ, ಬಿಟ್ಟರೆ ಸಂಸಾರ ಹೇಗೆ ನಡೆಯಬೇಕು.

ನನಗೆ ನೋವಾದದ್ದು ಬೇರೆ ಕಾರಣಕ್ಕೆ. ರೊಟ್ಟಿ ಬಡಿಯುತ್ತಾ ಹಾಡುವುದು ನನ್ನ ಮೊದಲಿನ ರೂಢಿ. ಹಿಂದೆ ಇವರು ಪೇಪರ್ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ಕೂರುತ್ತಿದ್ದರು, ಹಾಡು ನಿಂತರೆ "ಮುಂದ?" ಎನ್ನುತ್ತಿದ್ದರು. ಬರಬರುತ್ತಾ ಅದು ನಿಂತಿತು. ನೋಡೇ ಬಿಡೋಣ ಎಂದು ನಾನು ಹಾಡುವುದನ್ನೇ ಬಿಟ್ಟೆ. ದಿನಗಳು ಕಳೆದವು. ಇವರಿಗೆ ಗೊತ್ತೇ ಆಗಲಿಲ್ಲ. ರೊಟ್ಟಿ ಬಡಿಯುವುದು ಬಿಟ್ಟಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. "ಎಲ್ಲೆಲ್ಲಿದೋ ಮಂದಿ ಅಳೂದು ಕೇಳತದ, ಮನ್ಯಾಗಿನ ಹಾಡು ಕೇಳಂಗಿಲ್ಲ" ಎಂದು ಎರಡು ಸಲ ಅಂದೆ. ಅದೂ ಕೇಳಿಸಲಿಲ್ಲ. ನನ್ನ ಹಾಡು ಈ ಮನುಷ್ಯನಿಗೆ ಬೇಡವಾಯಿತು ಎಂದು ಸಂಕಟವಾಯಿತು.

ಕೊನೆಗೆ ಕಿವಿ ಡಾಕ್ಟರ ಹತ್ತಿರ ಕರೆದೊಯ್ದದ್ದು ಕುಕ್ಕರಿನ ದೆಸೆಯಿಂದ. ಸೀಟಿಯಾದರೆ ಒಲೆ ಆರಿಸಿರಿ ಎಂದು ಇವರಿಗೆ ಹೇಳಿ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅದು ಸೀಟಿ ಹೊಡೆದು ಹೊಡೆದು ಬೇಳೆ ಕರಕಲಾಗಿತ್ತು. ಇವರು ಪಕ್ಕದಲ್ಲೇ ಗಿಟಾರ್ ಹಿಡಿದು ಕೂತಿದ್ದರು. ಡಾಕ್ಟರು ಯಂತ್ರ ಹಚ್ಚಿ ನೋಡಿ ನನಗೇ ಹೇಳಿದರು. "ತೆಳು ದನಿ ಮೊದಲು ಹೋಗ್ತಾವ್ರಿ. ಸೀಟಿ, ಹಕ್ಕಿ, ಹೆಣ್ಣುಮಕ್ಕಳ ದನಿ. ದಪ್ಪ ಸದ್ದು ಉಳದಾದ."

 ಮನೆಗೆ ಬಂದು ಚಪ್ಪಲಿ ಬಿಡುತ್ತಾ ಇವರು ಹೇಳಿದರು. "ನೀ ಹಾಡೂದು ಬಿಟ್ಟೀಯೋ, ನನಗ ಕೇಳಸವಲ್ದೋ ಗೊತ್ತಿರಲಿಲ್ಲ ಬೇ. ಕೇಳಾಕ ಅಂಜಿಕಿ ಬಂದಿತ್ತು. ನೀ 'ದಿನಾ ಹಾಡಾಕತ್ತೀನಲ್ಲ' ಅಂದ್ರ ಏನ್ ಮಾಡಲಿ?"

ನನಗೆ ಅಳು ಬಂತು. ಅಳುತ್ತಲೇ ಬೈದೆ.

ಕಿವಿಯ ಮಷೀನು ಬಂತು. ಅದರಲ್ಲಿ ನನ್ನ ಹಾಡು ಸ್ಟೀಲಿನ ತಾಟು ಬಿದ್ದಂತೆ ಕೇಳುತ್ತದಂತೆ. ಮಾತಿಗಾದರೆ ನಡೆಯುತ್ತದೆ ಎಂದು ಹಾಕಿಕೊಳ್ಳುತ್ತಾರೆ, ಗಿಟಾರ್ ಹಿಡಿದರೆ ತೆಗೆದಿಡುತ್ತಾರೆ.

ಮೊನ್ನೆ ಮಧ್ಯಾಹ್ನ ನೋಡಿದರೆ ಗಿಟಾರಿನ ಕಟ್ಟಿಗೆಯ ಮೇಲೆ ಗದ್ದ ಇಟ್ಟು ಕೂತಿದ್ದಾರೆ. ಹತ್ತಿರ ಹೋಗಿ "ನಿದ್ದಿ ಬಂತೇನ್ರಿ?" ಎಂದೆ.

"ಹಿಂಗ ಇಟ್ಟರ ಎಲುಬಿನಾಗ ಹಾದು ಕೇಳತದ" ಎಂದರು. "ನೀನೂ ಗದ್ದ ಇಡು. ಇಟ್ಟು ಹಾಡು. ಜರಾ ಕೆಳಗಿನ ದನ್ಯಾಗ. ನಿಮ್ಮೂರಾಗ ಹಾಡಿದ್ದೆಲ್ಲ, ಅದು."

ಯಾರಾದರೂ ಕಂಡರೆ ಏನೆಂದಾರು ಎಂದು ನಾನು ಮೊದಲು ಬಾಗಿಲು ಹಾಕಿದೆ. ಗಿಟಾರಿಗೆ ಆ ಕಡೆ ಅವರ ಗದ್ದ, ಈ ಕಡೆ ನನ್ನದು. ಮೂಗಿಗೆ ಮೂಗು ತಾಗುವ ಹಾಗೆ ಕೂತು, ನಗು ತಡೆದುಕೊಂಡು ಹಾಡಿದೆ. 'ಹೊತ್ತು ಇಳದಾದ ಯವ್ವಾ, ಉಡಿ ಇನ್ನಾ ತುಂಬಿಲ್ಲ.' ಈಗ ಮುಂದಿನ ಸಾಲು ಚೆನ್ನಾಗಿ ನೆನಪಿತ್ತು, ಎತ್ತಿಕೊಂಡೆ. ಅವರು ಕೈ ಅಡ್ಡ ಮಾಡಿದರು.

"ಅವತ್ತು ಹಂಗ ಹಾಡಿರಲಿಲ್ಲ. ಅದನ್ನೇ ಎರಡು ಸಲ ಅಂದು ತಲಿ ಬಗ್ಗಿಸಿ ಕುಂತಿ. ಮುಂದ ಏನಿತ್ತೋ ಅಂತ ಮಾನ್ವಿತನಕ ಬಸ್ಸಿನಾಗ ಅದೇ ಚಿಂತಿ ನನಗ. ಫೋರ್‌ಮನ್ನರು ಮೊದಲನೇ ಸಲ ನುಡಿಸಿದಾಗ, ನೀನೇ ಕುಂತು ಹಾಡಿದಂಗಾತು. ಅದಕ್ಕ ಕಲತೆ."

 ಅದೇ ಸಾಲನ್ನು ಅವತ್ತಿನ ಹಾಗೆ ಹಾಡಿದೆ. ಇನ್ನೊಮ್ಮೆ ಹಾಡಿ ನಿಲ್ಲಿಸಿದೆ. ಅವರು ದಪ್ಪ ತಂತಿಯೊಂದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಮೂರನೆಯ ಸಾಲನ್ನು ನುಡಿಸಿದರು. ಕಟ್ಟಿಗೆಯೊಳಗಿನ ಆ ನಡುಕ ನನ್ನ ಹಲ್ಲಿನವರೆಗೂ ಬಂತು.

"ಕೇಳಿಸ್ತೇನ್ರಿ?" ಎಂದೆ, ಗದ್ದ ಎತ್ತದೆ, ಸಣ್ಣ ದನಿಯಲ್ಲಿ.

"ಕೇಳಿಸ್ತು" ಎಂದರು. ಎರಡನೇ ಸಲ ಕೇಳಬೇಕಾಗಲಿಲ್ಲ.