ದೊಡ್ಡಪ್ಪ ಟ್ರ್ಯಾಕ್ಟರನ್ನು ಮೀಯಿಸುತ್ತಿದ್ದ

ನಮ್ಮ ಟ್ರ್ಯಾಕ್ಟರಿನ ಗೇರ್ ಎಣ್ಣೆ ಕೆಟ್ಟದ್ದು ನನಗೆ ಗೊತ್ತಾಗಿದ್ದು ಕಾಯ್ಕಿಣಿಯ ಒಂದು ಗದ್ದೆಯಲ್ಲಿ, ಭತ್ತದ ಸಸಿ ನೆಡುವ ನೆಟ್ಟಿಯ ದಿನಗಳಲ್ಲಿ. ಎರಡನೇ ಗೇರು ಬೀಳದೆ ಕರಕರ ಎಂದಿತು. ಇಳಿದು ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದರೆ ತುದಿಗೆ ಅಂಟಿ ಬಂದದ್ದು ಹಾಲು ಜಾಸ್ತಿಯಾದ ಚಹಾ. ಬೆರಳಲ್ಲಿ ತಿಕ್ಕಿದೆ, ಜಿಡ್ಡೇ ಇರಲಿಲ್ಲ. ನೀರು ಸೇರಿದೆ ಎಂದು ತಿಳಿಯಲು ಮೇಸ್ತ್ರಿ ಬೇಕಾಗಲಿಲ್ಲ. ಎಲ್ಲಿಂದ ಸೇರಿತು ಎಂಬುದೇ ತಿಳಿಯಲಿಲ್ಲ.

ಆ ಟ್ರ್ಯಾಕ್ಟರಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಕುಮಟೆಯ ಕಡೆಯ ಒಬ್ಬರು ಬಳಸಿ ಬಿಟ್ಟದ್ದನ್ನು ನಾನೇ ಓಡಿಸಿಕೊಂಡು ಶಿರಾಲಿಯ ಹತ್ತಿರದ ನಮ್ಮ ಮನೆಗೆ ತಂದಿದ್ದೆ. ಅದು ಬಂದ ಮೇಲೆ ಗದ್ದೆ ಉಳುತ್ತಿದ್ದ ಹೂಟಿಯ ಕೋಣಗಳನ್ನು ಕೊಟ್ಟುಬಿಟ್ಟೆವು. ಅವು ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಂತಿತು.

ಕೋಣಗಳನ್ನು ನೋಡಿಕೊಳ್ಳುತ್ತಿದ್ದವನು ದೊಡ್ಡಪ್ಪ, ನನ್ನ ಅಪ್ಪನ ಅಣ್ಣ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾನೆ. ಬುದ್ಧಿ ಬಂದಾಗಿನಿಂದ ನೇಗಿಲು ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಕೋಣಗಳು ಹೋದ ಮೇಲೆ ಕೆಲವು ದಿನ ಕೊಟ್ಟಿಗೆಯ ಕಡೆ ತಲೆಯೇ ಹಾಕಲಿಲ್ಲ. ಆಮೇಲೆ ಒಂದು ಸಂಜೆ ನಾನು ಕೆಸರು ಮೆತ್ತಿದ ಟ್ರ್ಯಾಕ್ಟರನ್ನು ಅಂಗಳಕ್ಕೆ ತರುವಾಗ ಬಕೆಟ್ಟು ಹಿಡಿದು ನಿಂತಿದ್ದ. ಕೆಸರು ಮೈಯಲ್ಲೇ ಕೊಟ್ಟಿಗೆಗೆ ಹೊಡೆಯುವುದು ಅವನ ಲೆಕ್ಕದಲ್ಲಿ ಪಾಪ. ಅಂದಿನಿಂದ ತೊಳೆಯುವ ಕೆಲಸ ಅವನದಾಯಿತು. ರಸ್ತೆಯ ತಿರುವಿನಲ್ಲಿ ಸದ್ದು ಕೇಳಿದರೆ ಸಾಕು, ಊಟದ ಬಟ್ಟಲು ಬಿಟ್ಟೂ ಎದ್ದು ಬರುತ್ತಿದ್ದ. ‘ಮುದುಕ ಮದುಮಗನಿಗೆ ಎಣ್ಣೆನೀರು ಹಾಕ್ತಿದ್ದಾನೆ’ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ನಗುವಾಗಲೂ ನನಗೆ ಸಮಾಧಾನವಿತ್ತು, ಅವನಿಗೆ ಮನೆಯಲ್ಲಿ ಒಂದು ಕೆಲಸ ಉಳಿಯಿತಲ್ಲ ಎಂದು.

ಎಣ್ಣೆ ಕೆಟ್ಟಾಗ ಹೊನ್ನಾವರದಿಂದ ಮೇಸ್ತ್ರಿ ಬಂದ. ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿಡಲು ಹೇಳಿದ್ದ. ಬೆಳಿಗ್ಗೆ ಗೇರ್ ಬಾಕ್ಸಿನ ತಳದ ಬೋಲ್ಟು ಸಡಿಲಿಸಿದರೆ ಮೊದಲು ಬಂದದ್ದು ಬರೀ ನೀರು, ಆಮೇಲೆ ಆ ಚಹಾ. ಡೀಸೆಲ್ ಹಾಕಿ ಒಳಗೆಲ್ಲ ತೊಳೆದು, ಅದನ್ನೂ ಬಸಿದು, ಹೊಸ ಎಣ್ಣೆ ತುಂಬಿದ. ಹದಿನೈದು ದಿನ ಕಳೆಯುವುದರೊಳಗೆ ಕಡ್ಡಿಯ ತುದಿಯಲ್ಲಿ ಮತ್ತೆ ಅದೇ ಬಣ್ಣ. ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಡ. ಮೇಸ್ತ್ರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ತಿರುಗಿ ಒಂದು ಮಾತೂ ಆಡದೆ ‘ಸಂಜೆ ಬತ್ತೆ’ ಎಂದ.

ಅವನು ಬಂದು ಅಂಗಳದಲ್ಲಿ ಕೂತಿದ್ದ ಹೊತ್ತಿಗೇ ನಾನು ಟ್ರ್ಯಾಕ್ಟರ್ ಹೊಡೆದುಕೊಂಡು ಗದ್ದೆಯಿಂದ ಬಂದೆ. ದೊಡ್ಡಪ್ಪ ಎಂದಿನಂತೆ ಶುರುಮಾಡಿದ. ಮೊದಲು ಮುಂದಿನ ಭಾಗ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ. ಆಮೇಲೆ ಸೀಟಿನ ಮುಂದೆ, ಗೇರ್ ಕೋಲಿನ ಬುಡದಲ್ಲಿ, ಅಂಗೈ ಇಟ್ಟು ನೋಡಿದ. ಇಡೀ ದಿನ ದುಡಿದ ಕಬ್ಬಿಣ ಕಾದು ಸುಡುತ್ತಿತ್ತು. ಬಾವಿಯ ತಣ್ಣೀರನ್ನು ಅಲ್ಲಿಗೆ ಒಂದಾದ ಮೇಲೊಂದು ಬಕೆಟ್ಟು ಹೊಯ್ದ. ನೊಗ ಇಳಿಸಿದ ಮೇಲೆ ಕೋಣದ ಹೆಗಲಿಗೆ ಹೊಯ್ಯುತ್ತಿದ್ದದ್ದು ಹಾಗೆಯೇ. ಮೇಸ್ತ್ರಿ ನನ್ನನ್ನು ಬದಿಗೆ ಕರೆದ.

‘ಆ ಕೋಲಿನ ಬುಡದ ರಬ್ಬರು ಹರ್ದೋಗ್ಯದೆ, ನಾ ನೋಡ್ದೆ ಬಿಟ್ಟದ್ದು, ನಂದೂ ತಪ್ಪು. ಕಾದ ಪೆಟ್ಟಿಗೆಗೆ ತಣ್ಣೀರು ಬಿದ್ರೆ ಒಳಗಿನ ಗಾಳಿ ಕುಗ್ಗಿ ನೀರನ್ನ ಎಳ್ಕಂತದೆ ಮಾರಾಯಾ. ಅಜ್ಜಗೆ ಮೆಲ್ಲಗೆ ಹೇಳು.’

ಮೆಲ್ಲಗೆ ಹೇಳು ಎಂದೇ ಅವನು ಹೇಳಿದ್ದ. ನೆಟ್ಟಿಗೆ ಬಂದ ನಾಲ್ಕು ಹೆಂಗಸರು ಅಲ್ಲೇ ಕಾಲು ತೊಳೆಯುತ್ತಿದ್ದರು. ನಾನು ಅವರೆಲ್ಲರ ಎದುರಿಗೆ ಕೂಗಿದೆ.

‘ಇದು ಕೋಣ ಅಲ್ಲ ದೊಡ್ಡಪ್ಪ! ಎಂತ ಬುದ್ಧಿ ನಿಂದು? ಹಾಳು ಮಾಡಿದ್ದು ನೀನೇ. ಇನ್ಮೇಲೆ ಇದನ್ನ ಮುಟ್ಟಬೇಡ!’

ಅವನ ಕೈಯಲ್ಲಿ ಬಕೆಟ್ಟು ಇನ್ನೂ ಅರ್ಧ ತುಂಬಿತ್ತು. ಅದನ್ನು ಚೆಲ್ಲದಂತೆ ಕೆಳಗಿಟ್ಟ. ‘ಮೈ ಕಾದಿತ್ತು ಮಗಾ, ಅದ್ಕೆ ಹೊಯ್ದೆ’ ಎಂದ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಒಳಗೆ ಹೋದ. ಹೆಂಗಸರು ನೆಲ ನೋಡಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು, ಆದರೂ ಬಾಯಿ ಮುಚ್ಚಲಿಲ್ಲ, ಮತ್ತೂ ಏನೋ ಗೊಣಗಿದೆ.

ಈ ಸಲ ಮೇಸ್ತ್ರಿ ಗೇರ್ ಬಾಕ್ಸನ್ನೇ ಬಿಚ್ಚಿದ. ಒಂದು ಬೇರಿಂಗು ತುಕ್ಕು ಹಿಡಿದಿತ್ತು. ಅದನ್ನು ಬದಲಿಸಿ, ಡೀಸೆಲ್ಲಿನಲ್ಲಿ ಎರಡು ಸಲ ತೊಳೆದು, ಹೊಸ ರಬ್ಬರು ಕೂರಿಸಿ, ಎಣ್ಣೆ ತುಂಬಿದ. ಮೂರು ದಿನದ ಕೆಲಸ. ಆ ಮೂರು ದಿನವೂ ದೊಡ್ಡಪ್ಪ ಅಂಗಳಕ್ಕೆ ಇಳಿಯಲಿಲ್ಲ. ಆಮೇಲೂ ಇಳಿಯಲಿಲ್ಲ. ತಿರುವಿನಲ್ಲಿ ಸದ್ದು ಕೇಳಿದರೆ ಹಿತ್ತಿಲ ಜಗಲಿಗೆ ಹೋಗಿ ಕೂರುತ್ತಿದ್ದ. ನಾನು ಬರುವ ಮೊದಲೇ ಉಂಡು ಮುಗಿಸುತ್ತಿದ್ದ. ಮಾತು ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ ‘ಹ್ಞಾಂ’, ‘ಆತು’ ಎನ್ನುತ್ತಿದ್ದ, ನೆಂಟರ ಮನೆಗೆ ಬಂದವರು ಹೇಳುವಂತೆ. 

ತಪ್ಪಾಯಿತು ಎನ್ನಬೇಕಿತ್ತು. ನಾನು ಹಾಗೆ ಯಾರಿಗೂ ಅಂದವನಲ್ಲ. ಆರೇಳು ದಿನ ಕಳೆದ ಮೇಲೆ ಹಿತ್ತಿಲಿಗೆ ಹೋಗಿ, ಎತ್ತಲೋ ನೋಡುತ್ತ, ‘ದೊಡ್ಡಪ್ಪ, ಚಕ್ರಕ್ಕೆಲ್ಲ ಕೆಸರು ಹಿಡ್ದದೆ. ನನ್ನ ಕೈಲಿ ಆಗುದಿಲ್ಲ, ಬಾ’ ಎಂದೆ. ಎದ್ದು ಬಂದ. ಬಕೆಟ್ಟಿನ ಕಡೆ ನೋಡಲೇ ಇಲ್ಲ. ಒಂದು ಗೋಣಿಚೀಲ ಒದ್ದೆ ಮಾಡಿಕೊಂಡು ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒರೆಸತೊಡಗಿದ. ನನಗೆ ಜೀವ ಬಂದಂತಾಯಿತು. ಚಕ್ರ ಮುಗಿಯಿತು. ಮೇಲಿನ ಮಡ್‌ಗಾರ್ಡಿಗೆ ಕೈ ಚಾಚಿದವನು ಅಲ್ಲೇ ತಡೆದು ನನ್ನ ಮುಖ ನೋಡಿದ.

‘ಇಲ್ಲಿ ಮುಟ್ಟಬಹುದಾ?’

ನೇಗಿಲಿನ ಹಿಡಿಯ ಮೇಲೆ ನನ್ನ ಕೈಯಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ನನಗೆ ಹೂಟಿ ಕಲಿಸಿದವನು ಅವನು. ‘ಮುಟ್ಟು’ ಎಂದೆ. 

ಇದಾಗಿ ಮೂರು ಮಳೆಗಾಲ ಕಳೆದಿವೆ. ಗೇರ್ ಬಾಕ್ಸಿಗೆ ಒಂದು ಹನಿ ನೀರು ಹೋಗಿಲ್ಲ. ದೊಡ್ಡಪ್ಪ ಈಗಲೂ ಸಂಜೆ ಬಂದು ಟ್ರ್ಯಾಕ್ಟರ್ ಒರೆಸುತ್ತಾನೆ, ಈಗಲೂ ಒಂದೊಂದು ಜಾಗಕ್ಕೂ ಕೇಳುತ್ತಾನೆ. ಮೊನ್ನೆ ನನಗೆ ತಡೆಯಲಾಗಲಿಲ್ಲ.

‘ಎಂತಕೆ ಪ್ರತಿ ಸಲ ಕೇಳ್ತೆ ದೊಡ್ಡಪ್ಪ? ನಿಂದೇ ಅಲ್ದಾ ಇದು?’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

‘ಅಲ್ಲ ಮಗಾ, ನಿಂದು’ ಎಂದು, ಚೀಲ ಹಿಂಡಿ, ಮುಂದಿನ ಚಕ್ರಕ್ಕೆ ಹೋದ.