ಸೀಟಿನ ಮೇಲೆ ನೀರಿನ ಚೊಂಬು

ನಮ್ಮ ಹಳೇ ಜೀಪಿಗೆ ಬೇರೆ ಎಂಜಿನ್ನು, ಗೇರ್‌ಬಾಕ್ಸು ಕೂರಿಸಲು ಹುಳಿಯಾರಿನ ಮೆಕ್ಯಾನಿಕ್ ಮನೆಗೇ ಬಂದಿದ್ದ. ಅಂಗಳದ ಹುಣಸೆಕೊಂಬೆಗೆ ಚೈನು ಕಟ್ಟಿ ಎಂಜಿನ್ ಎತ್ತುವಾಗ, "ಬಾ ತಾಯಿ, ಬಾ" ಎಂದು ಅದನ್ನೇ ರಮಿಸುತ್ತಿದ್ದ. ನನಗೋ ಅವಸರ. ತಿಪಟೂರಿನ ಆಸ್ಪತ್ರೆಯಲ್ಲಿ ಮಗಳು ಹೆತ್ತಿದ್ದಳು. ನನ್ನ ಮೊದಲ ಮೊಮ್ಮಗಳು, ನನ್ನ ಬಂಗಾರ, ನಮ್ಮ ಜೀಪಿನಲ್ಲೇ ಮನೆಗೆ ಬರಬೇಕೆಂದು ನನ್ನ ಹಟ.

"ಯಾವಾಗಪ್ಪ ಆಗೋದು?" ಎಂದಾಗಲೆಲ್ಲ ಗ್ರೀಸಿನ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, "ನಾಳೆ ಆಯ್ತದೆ ಬುಡವ್ವ" ಎನ್ನುತ್ತಿದ್ದ.

ಕೊನೆಗೂ ಜೀಪು ಗುರ್ ಎಂದಿತು. ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಅವನು ಸೀಟಿನ ಮೇಲೆ ತುಂಬಿದ ನೀರಿನ ಚೊಂಬು ಇಟ್ಟುಕೊಂಡು ಊರು ಸುತ್ತಿ ಬಂದಿದ್ದ. ಸೀಟೆಲ್ಲ ಒದ್ದೆ.

"ನೀರು ಚೆಲ್ತು ನೋಡವ್ವ, ಗೇರು ಹಾಕುವಾಗ ಜಗ್ತದೆ. ಮತ್ತೆ ಗೇರ್‌ಬಾಕ್ಸು ಇಳಿಸ್ಬೇಕು. ಹಸುಗೂಸು ಬರೋ ಗಾಡಿ ಕಣವ್ವ."

"ಅಷ್ಟೊತ್ತಿಗೆ ಅವಳೇ ನಡ್ಕಂಡು ಬತ್ತಾಳೆ ಬುಡು!"

ಅವನು ನಕ್ಕು ಮತ್ತೆ ಜೀಪಿನಡಿ ತೂರಿದ.

ಅಳಿಯ ಅದೇ ಜೀಪಿನಲ್ಲಿ ನನ್ನನ್ನೂ ಮಗಳು-ಮೊಮ್ಮಗಳನ್ನೂ ಕರೆತಂದ ದಿನ ಮೆಕ್ಯಾನಿಕ್ ಅಂಗಳದಲ್ಲೇ ಕಾದಿದ್ದ.

"ದಾರೀಲಿ ಮೊಮ್ಮಗಳು ಎದ್ಲಾ ಅವ್ವ?"

"ಇಲ್ಲ ಕಣಪ್ಪ, ಇನ್ನೂ ನಿದ್ದೆ!"

"ಈಗ ಆಯ್ತು ಬುಡವ್ವ" ಎಂದವನೇ, ಅಲ್ಲಿಯವರೆಗೂ ಕಟ್ಟಿಯೇ ಬಿಟ್ಟಿದ್ದ ಚೈನನ್ನು ಮರದಿಂದ ಬಿಚ್ಚತೊಡಗಿದ.